ಬೆಳ್ಳಿಯ ಬಳ್ಳಿಗೆ ನೆರಳು ಎಲ್ಲಿಂದ?

ಪ್ರಶ್ನೆ: ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ದೇವಸ್ಥಾನಗಳ ಪ್ರಭಾವಳಿ, ಬೆಳ್ಳಿ ಹೊದಿಸಿದ ಬಾಗಿಲುಗಳ ಬಳ್ಳಿಗೆ ಬಣ್ಣವೇ ಇಲ್ಲ. ಆದರೂ ನೆರಳು ಕಾಣುವುದು ಹೇಗೆ?

ಉತ್ತರ: ಅಲ್ಲಿ ಎರಡು ಕೆಲಸಗಳಿವೆ. ತಗಡನ್ನು ಅರಗಿನ ಮೇಲಿಟ್ಟು ಬಡಿದು ಉಬ್ಬಿಸಿದರೆ ಅದರ ನೆರಳು ನಿಜವಾದದ್ದೇ. ಉಬ್ಬಿನ ಒಂದು ಮಗ್ಗುಲಿಗೆ ದೀಪದ ಬೆಳಕು ತಲುಪುವುದಿಲ್ಲ. ಉಳಿಯಿಂದ ಕೊರೆದ ಗೆರೆಯ ನೆರಳು ಮಾತ್ರ ಕಣ್ಣಿಗೆ ಕಟ್ಟಿದ ಭ್ರಮೆ. ಗೆರೆಗಳು ಒತ್ತೊತ್ತಾಗಿ ಬಂದ ಕಡೆ ಕಪ್ಪು, ವಿರಳವಾದ ಕಡೆ ಹೊಳಪು. ಉಳಿಯನ್ನು ಆಳಕ್ಕಿಳಿಸಿದರೆ ಗೆರೆ ದಪ್ಪವಾಗುತ್ತದೆ, ಮೇಲೆತ್ತುತ್ತ ಬಂದರೆ ಕೂದಲಿನಂತೆ ಸಣ್ಣಗಾಗಿ ಮಾಯವಾಗುತ್ತದೆ. ಒಂದು ಎಲೆಯ ಮೇಲೆ ಮತ್ತೊಂದು ಮಡಚಿದೆ ಎನ್ನಿಸಬೇಕಾದರೆ ಅಡಿಯ ಎಲೆಯ ಬುಡದಲ್ಲಿ ದಪ್ಪ ಗೆರೆಗಳನ್ನು ಕೂಡಿಸಿ, ತುದಿಯತ್ತ ಬಿಡಿಸಿದರೆ ಸಾಕು.

ಕೊಳೆ ಕೂತು ಕಪ್ಪಾದದ್ದನ್ನೇ ನೆರಳು ಅನ್ನುತ್ತೀರಲ್ಲ ಎಂದು ಆಕ್ಷೇಪಿಸಬಹುದು. ಗಾಳಿಯ ಗಂಧಕದಿಂದ ಬೆಳ್ಳಿ ಕಪ್ಪಾಗುವುದು, ಉಜ್ಜಿದಾಗ ಆ ಕಪ್ಪು ಗೆರೆಯೊಳಗೆ ಉಳಿಯುವುದು ನಿಜ. ಆದರೆ ಕಪ್ಪು ಎಲ್ಲಿ ಎಷ್ಟು ನಿಲ್ಲಬೇಕೆಂದು ಮೊದಲೇ ತೀರ್ಮಾನಿಸಿದ್ದು ಉಳಿ. ಬೀದರಿನ ಬಿದ್ರಿಯಲ್ಲಿ ಇದು ತಿರುಗುಮುರುಗು: ಕೊರೆದ ಗೆರೆಗೆ ಬೆಳ್ಳಿ ತುಂಬಿ, ಸುತ್ತಲಿನ ಲೋಹವನ್ನೇ ಕಪ್ಪಾಗಿಸುತ್ತಾರೆ. ಅಲ್ಲಿ ಬಳ್ಳಿ ಚೆಂದ, ಆದರೆ ಚಪ್ಪಟೆ.

ಇಷ್ಟಾದರೂ ಬಳ್ಳಿಯ ನಡು ಎಳೆ ಸರಾಗವಾಗಿ ಸುತ್ತದಿದ್ದರೆ ನೆರಳು ಅದನ್ನು ಉಳಿಸಲಾರದು. ಕವಲು ಕಾಂಡದಿಂದ ಬೆಳೆದು ಹೊರಟಂತೆ ಇರಬೇಕು, ಅಂಟಿಸಿದಂತಲ್ಲ. ಎಷ್ಟೋ ಹೊಸ ಯಂತ್ರದ ಕೊರೆತ ಸೋಲುವುದು ನೆರಳಿನಲ್ಲಲ್ಲ, ಇಲ್ಲೇ.