ಆಕಳು ಕಂದು ಹಾಕಿದರೆ ಮುಚ್ಚಿಡಬೇಡಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಅಕ್ಕಂದಿರೇ, ಆಕಳು ದಿನ ತುಂಬುವ ಮೊದಲೇ ಕಂದು ಹಾಕಿದರೆ ದೃಷ್ಟಿಯಾಯಿತೆಂದು ಸುಮ್ಮನಾಗಬೇಡಿ. ಗಬ್ಬ ಆರು ತಿಂಗಳು ದಾಟಿ ಹೀಗಾದರೆ ನಮಗೆ ಮೊದಲ ಸಂಶಯ ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗದ ಮೇಲೆ. ಸತ್ತ ಕರು, ಮಾಸು, ಸೋರುವ ನೀರಿನಲ್ಲಿ ರೋಗಾಣು ತುಂಬಿರುತ್ತದೆ. ಬರಿಗೈಯಲ್ಲಿ ಎತ್ತಿದರೆ ಮನುಷ್ಯರಿಗೂ ತಗಲಿ ಬಿಟ್ಟುಬಿಟ್ಟು ಜ್ವರ, ಕೀಲುನೋವು ಕಾಡುತ್ತದೆ. ಬಸುರಿಯರು ಹತ್ತಿರ ಹೋಗಲೇಬಾರದು. ಮೊದಲು ಪಶು ಆಸ್ಪತ್ರೆಗೆ ತಿಳಿಸಿ, ಆಕಳ ರಕ್ತ ಪರೀಕ್ಷೆ ಮಾಡಿಸಿ. ಕೈಗವಸು ಹಾಕಿಕೊಂಡು ಎಲ್ಲವನ್ನೂ ಸುಣ್ಣದೊಂದಿಗೆ, ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಆಕಳನ್ನು ಗುಟ್ಟಾಗಿ ಸಂತೆಗೆ ಹೊಡೆದರೆ ರೋಗ ಇನ್ನೊಬ್ಬ ಅಕ್ಕನ ಕೊಟ್ಟಿಗೆ ಸೇರುತ್ತದೆ. ಹಾಲನ್ನು ಕುದಿಸಿಯೇ ಬಳಸಿ.

ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ. ಗಬ್ಬದ ಆಕಳಿಗೆ ಹಾಕುವಂತಿಲ್ಲ. ನಿಮ್ಮ ಕರುವಿಗೆ ಈಗೆಷ್ಟು ತಿಂಗಳು, ಇಂದೇ ಲೆಕ್ಕ ಹಾಕಿ.