ಹಡಗು ಹೊರಡುವುದರೊಳಗೆ

ಬೆಳಗಿನ ಏಳು ಗಂಟೆಗೆ ಕ್ಯಾಬಿನ್ನಿನ ಪರದೆ ಸರಿಸಿದಾಗ ಸಮುದ್ರ ಕಾಣಲಿಲ್ಲ, ಬಂಡೆ ಕಂಡಿತು. ಕೈ ಚಾಚಿದರೆ ಸಿಕ್ಕೀತೆನ್ನುವಷ್ಟು ಹತ್ತಿರದಲ್ಲಿ ಕಪ್ಪುಕಲ್ಲಿನ ಗೋಡೆಯೊಂದು ನೆಟ್ಟಗೆ ಎದ್ದು ನಿಂತಿತ್ತು. ಅದರ ಮೈಮೇಲೆ, ಹಿಂದೆ ಬಂದುಹೋದ ಹಡಗುಗಳ ಹೆಸರುಗಳನ್ನು ಬಣ್ಣಬಣ್ಣಗಳಲ್ಲಿ ಬರೆದಿದ್ದರು.

“ಇದೇನ್ರೀ, ಹಡಗು ಬೆಟ್ಟಕ್ಕೇ ನುಗ್ಗಿಬಿಟ್ಟಿದೆಯಲ್ಲ!” ಎಂದಳು ನನ್ನಾಕೆ.

ಆಕೆಯ ಮಾತು ಬಹುಮಟ್ಟಿಗೆ ನಿಜವೇ. ಅಲಾಸ್ಕಾದ ಸ್ಕಾಗ್ವೇ ಎಂಬ ಪುಟ್ಟ ಊರನ್ನು ಮುಟ್ಟಬೇಕಾದರೆ ಹಡಗು ಲಿನ್ ಕೆನಾಲ್ ಎಂಬ ಕಡಲಚಾಚಿನಲ್ಲಿ ಸುಮಾರು ತೊಂಬತ್ತು ಮೈಲಿ ಒಳಕ್ಕೆ ಬರಬೇಕು. ಹೆಸರು ಕಾಲುವೆಯೆಂದಿದ್ದರೂ ಅದನ್ನು ತೋಡಿದವರು ಮನುಷ್ಯರಲ್ಲ, ಹಿಮನದಿಗಳು. ಆಳ ಎರಡು ಸಾವಿರ ಅಡಿಗೂ ಮಿಗಿಲು. ಆ ನೀರಿನ ತುತ್ತತುದಿಯಲ್ಲಿ, ಬೆಟ್ಟಗಳ ಸಂದಿನಲ್ಲಿ ಸಿಕ್ಕಿಸಿಟ್ಟಂತೆ ಊರಿದೆ. ಖಾಯಂ ನಿವಾಸಿಗಳು ಸುಮಾರು ಸಾವಿರದ ಇನ್ನೂರು ಮಂದಿ. ಬೇಸಗೆಯಲ್ಲಿ ಮೂರು ನಾಲ್ಕು ದೊಡ್ಡ ಹಡಗುಗಳು ಒಟ್ಟಿಗೆ ಬಂದ ದಿನ ಅದರ ಹತ್ತು ಪಟ್ಟು ಜನ ಒಂದೇ ಬೀದಿಗೆ ಇಳಿಯುತ್ತಾರೆ. ಸಂಜೆಯಾಯಿತೆಂದರೆ ಜಾತ್ರೆ ಮುಗಿದ ಬಯಲು.

ಸಿಯಾಟಲ್‌ನಲ್ಲಿರುವ ಮಕ್ಕಳ ಮನೆಗೆ ಬಂದ ನಮ್ಮಂತಹ ತಂದೆತಾಯಿಗಳಿಗೆ ಒಂದು ವಾರದ ಈ ಅಲಾಸ್ಕಾ ಪ್ರವಾಸ ಈಗ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಮಗ-ಸೊಸೆ ಟಿಕೆಟ್ಟು ಕೊಂಡು ನಮ್ಮಿಬ್ಬರನ್ನು ಹಡಗು ಹತ್ತಿಸಿ, ಹೊರಡುವಾಗ ಒಂದು ಮಾತು ಹೇಳಿದ್ದರು: “ಅಪ್ಪ, ಎಲ್ಲಿ ಬೇಕಾದರೂ ಸುತ್ತಾಡಿ. ಆದರೆ ನಾಲ್ಕೂವರೆಗೆ ಹಡಗಿನಲ್ಲಿರಿ. ಅದು ಯಾರಿಗೂ ಕಾಯುವುದಿಲ್ಲ.”

ಇದರಲ್ಲೊಂದು ಸೂಕ್ಷ್ಮವಿದೆ. ಹಡಗಿನವರೇ ಏರ್ಪಡಿಸಿದ ಪ್ರವಾಸಕ್ಕೆ ಹೋಗಿ ತಡವಾದರೆ ಹಡಗಿನವರು ಸಾಮಾನ್ಯವಾಗಿ ಕಾಯುತ್ತಾರೆ. ಊರಿನವರ ಗಾಡಿಯನ್ನು ನಾವೇ ಗೊತ್ತುಮಾಡಿಕೊಂಡು ಹೋದರೆ ಆ ಭರವಸೆಯಿಲ್ಲ. ಮುಂದಿನ ಬಂದರನ್ನು ಸ್ವಂತ ಖರ್ಚಿನಿಂದ ಸೇರಿಕೊಳ್ಳಬೇಕು. ಹಾಗಿದ್ದೂ ನಾವು ಎರಡನೆಯದನ್ನೇ ಆರಿಸಿಕೊಂಡೆವು. ಐವತ್ತು ಜನರ ಬಸ್ಸಿನಲ್ಲಿ ಎಲ್ಲರೂ ಇಳಿದು ಹತ್ತುವುದಕ್ಕೇ ಕಾಲು ಗಂಟೆ ಬೇಕು. ನನ್ನಾಕೆಯ ಮಂಡಿನೋವಿಗೆ ಆ ಮೆಟ್ಟಿಲು ಒಗ್ಗುವುದಿಲ್ಲ. ಪ್ರಸಿದ್ಧವಾದ ಬೆಟ್ಟದ ರೈಲೂ ಇದೆ, ಸೊಗಸಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಂಡಲ್ಲಿ ನಿಲ್ಲಿಸಿ ಎಂದರೆ ರೈಲು ನಿಲ್ಲುತ್ತದೆಯೇ? ಹತ್ತು ಜನ ಹಿಡಿಸುವ ವ್ಯಾನು ನಿಲ್ಲುತ್ತದೆ.

ಎಂಟು ಗಂಟೆಗೆ ಹೊರಟೆವು. ಚಾಲಕಿಯೂ ಮಾರ್ಗದರ್ಶಿಯೂ ಒಬ್ಬಳೇ. ಬೇಸಗೆಯ ಕೆಲಸಕ್ಕೆಂದು ದಕ್ಷಿಣದ ರಾಜ್ಯವೊಂದರಿಂದ ಬಂದಿದ್ದ, ಇಪ್ಪತ್ತೈದರ ಆಸುಪಾಸಿನ ತರುಣಿ. ಆಕೆ ಮೊದಲು ಹೇಳಿದ್ದು ದೃಶ್ಯಗಳ ವಿಚಾರವನ್ನಲ್ಲ. “ನಾವು ಹತ್ತು ಜನ. ಒಬ್ಬರು ಐದು ನಿಮಿಷ ತಡಮಾಡಿದರೆ ಒಂಬತ್ತು ಜನರ ಐದು ನಿಮಿಷ ಹೋಯಿತು” ಎಂದಳು. ನಮ್ಮ ಹಿಂದಿನ ಸಾಲಿನಲ್ಲಿ ಅಯೋವಾ ರಾಜ್ಯದ ವೃದ್ಧ ರೈತರೊಬ್ಬರು ಒಂಟಿಯಾಗಿ ಕುಳಿತಿದ್ದರು. ಅವರು ಮೆಲ್ಲಗೆ ಒಂದೇ ಒಂದು ಪ್ರಶ್ನೆ ಕೇಳಿದರು: “ಕುದುರೆಗಳ ದಾರಿ ಕಾಣುವಲ್ಲಿ ನಿಲ್ಲಿಸುತ್ತೀಯಾ, ಮಗೂ?” ಆಕೆ ಅವಶ್ಯವಾಗಿ ಎಂದಳು.

ಆ ಕುದುರೆಗಳ ಸಂಗತಿಯನ್ನು ಹೇಳದೆ ಈ ಬೆಟ್ಟದ ವರ್ಣನೆ ಪೂರ್ಣವಾಗದು. 1896ರ ಆಗಸ್ಟ್‌ನಲ್ಲಿ ಕೆನಡಾದ ಕ್ಲಾಂಡೈಕ್ ಪ್ರದೇಶದ ತೊರೆಯೊಂದರಲ್ಲಿ ಚಿನ್ನ ಸಿಕ್ಕಿತು. 1897ರ ಜುಲೈ 17ರಂದು ‘ಪೋರ್ಟ್‌ಲೆಂಡ್’ ಎಂಬ ಹಡಗು ಆ ಚಿನ್ನವನ್ನು ಹೊತ್ತು ಸಿಯಾಟಲ್‌ಗೆ, ಅಂದರೆ ನಾವು ಹಡಗು ಹತ್ತಿದ ಊರಿಗೇ, ಬಂದಿತು. ಅಲ್ಲಿಂದ ಮುಂದೆ ದೇಶಕ್ಕೆ ದೇಶವೇ ಹುಚ್ಚೆದ್ದಿತು. ಹೊರಟವರು ಸುಮಾರು ಒಂದು ಲಕ್ಷ ಮಂದಿ, ಮುಟ್ಟಿದವರು ಅದರ ಮೂರನೆಯ ಒಂದು ಭಾಗ, ಸಿರಿವಂತರಾದವರು ಬೆರಳೆಣಿಕೆಯವರು. ಕೋಲಾರದಲ್ಲಿ ಚಿನ್ನಕ್ಕಾಗಿ ಮನುಷ್ಯ ಪಾತಾಳಕ್ಕೆ ಇಳಿದ. ಇಲ್ಲಿ ಬೆಟ್ಟ ಹತ್ತಿದ.

ಹತ್ತುವುದೂ ಬರಿಗೈಯಲ್ಲಲ್ಲ. ಒಂದು ವರ್ಷಕ್ಕೆ ಸಾಲುವ ದವಸಧಾನ್ಯ, ಸಲಕರಣೆಗಳು ಇಲ್ಲದವರನ್ನು ಕೆನಡಾದ ಪೊಲೀಸರು ಒಳಕ್ಕೆ ಬಿಡುತ್ತಿರಲಿಲ್ಲ. ಎಲ್ಲ ಸೇರಿ ತಲೆಗೆ ಸುಮಾರು ಒಂದು ಟನ್ನಿನ ಹೊರೆ. ಸ್ಕಾಗ್ವೇಯಿಂದ ವೈಟ್ ಪಾಸ್ ಎಂಬ ಕಣಿವೆಯ ದಾರಿ ಅಷ್ಟೇನೂ ಕಡಿದಲ್ಲ, ಕುದುರೆ ಹೋಗುತ್ತದೆ ಎಂದು ಪ್ರಚಾರವಾಯಿತು. ಕುದುರೆಯ ಮೈ ಸವರಿಯೇ ಅರಿಯದ ಗುಮಾಸ್ತರು, ಅಂಗಡಿಯವರು ಮುದಿಕುದುರೆ, ಕುಂಟುಕುದುರೆಗಳನ್ನೆಲ್ಲ ಕೊಂಡು ಹೊರೆ ಬಿಗಿದು ಹೊಡೆದರು. ಮಳೆ, ಕೆಸರು, ಚೂಪುಗಲ್ಲು, ಮೇವಿಲ್ಲ. ಆ ಒಂದೇ ದಾರಿಯಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಸತ್ತವು. ವೈಟ್ ಪಾಸ್ ಎಂಬ ಹೆಸರು ಹಿಮದ ಬಿಳುಪಿನಿಂದ ಬಂದುದೆಂದು ನಾನು ತಿಳಿದಿದ್ದೆ. ಅಲ್ಲವಂತೆ, ಅದು ಕೆನಡಾದ ಮಂತ್ರಿ ಥಾಮಸ್ ವೈಟ್ ಎಂಬವರ ಹೆಸರು. ಜನರ ಬಾಯಲ್ಲಿ ಮಾತ್ರ ಆ ದಾರಿ ‘ಸತ್ತ ಕುದುರೆಗಳ ಹಾದಿ’ಯಾಗಿಯೇ ಉಳಿಯಿತು.

ನಮ್ಮ ವ್ಯಾನು ಹತ್ತುತ್ತಿದ್ದುದು 1978ರಲ್ಲಿ ತೆರೆದ ಹೆದ್ದಾರಿ. ಕಂದರದ ಆಚೆ ದಡದಲ್ಲಿ ರೈಲುಹಾದಿ ಗೆರೆ ಕೊರೆದಂತೆ ಕಾಣುತ್ತಿತ್ತು. 1898ರ ಮೇ ತಿಂಗಳಲ್ಲಿ ಆರಂಭಿಸಿ, ಮೂರಡಿ ಅಗಲದ ಹಳಿಯನ್ನು ಬಂಡೆ ಸಿಡಿಸಿ ಸಿಡಿಸಿ ಇಪ್ಪತ್ತಾರು ತಿಂಗಳಲ್ಲಿ ಹಾಕಿ ಮುಗಿಸಿದರಂತೆ. ಇಪ್ಪತ್ತು ಮೈಲಿಯಲ್ಲಿ ಅದು ಏರುವುದು 2,865 ಅಡಿ. ವಿಧಿಯ ವಿನೋದವೆಂದರೆ, 1900ರ ಜುಲೈನಲ್ಲಿ ಕೆಲಸ ಮುಗಿಯುವ ವೇಳೆಗೆ ಚಿನ್ನದ ಭರಾಟೆಯೇ ಮುಗಿದುಹೋಗಿತ್ತು.

ಕುದುರೆದಾರಿ ಕಾಣುವ ತಾಣಕ್ಕೆ ಬಂದೆವು. ಮೋಡ! ಒಂದು ಮಾರು ದೂರದ ಬೇಲಿಯೂ ಕಾಣದು. ಕೆಳಗೆಲ್ಲೋ ನೀರು ಭೋರ್ಗರೆಯುವುದು ಮಾತ್ರ ಕೇಳುತ್ತಿತ್ತು. ಹಿಂದಿರುಗುವಾಗ ನಿಲ್ಲಿಸುತ್ತೇನೆ ಎಂದಳು ತರುಣಿ. ರೈತರು ಏನೂ ಹೇಳದೆ ಟೋಪಿ ಸರಿಪಡಿಸಿಕೊಂಡರು.

ಹೆದ್ದಾರಿಯ ಅತಿ ಎತ್ತರದ ಜಾಗ 3,292 ಅಡಿ. ಅದನ್ನು ದಾಟಿದ್ದೇ ತಡ, ಯಾರೋ ಕಂಬಳಿ ಸೆಳೆದಂತೆ ಮೋಡ ಹರಿದು ಬಿಸಿಲು ಬಂದಿತು. ಕಡಲಿನಿಂದ ಬರುವ ತೇವದ ಗಾಳಿ ಈಚೆಯ ಇಳಿಜಾರಿನಲ್ಲೇ ಮಳೆ ಸುರಿಸಿ ಬರಿದಾಗುತ್ತದೆ. ಆಚೆ ಕಡೆ ಒಣ ನಾಡು. ಮಂಡಿಯೆತ್ತರದ ಮುರುಟು ಮರಗಳು, ಬೋಳುಬಂಡೆಗಳು, ನಡುನಡುವೆ ಕನ್ನಡಿಯ ಚೂರುಗಳಂತೆ ನೂರಾರು ಕೊಳಗಳು.

ಮುಂದೆ ಫ್ರೇಸರ್ ಎಂಬಲ್ಲಿ ಕೆನಡಾದ ಸುಂಕದ ಕಟ್ಟೆ. ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಬೇಕು. ಭಾರತದ ಪಾಸ್‌ಪೋರ್ಟಿನವರು ಅಮೆರಿಕದ ವೀಸಾ ಒಂದನ್ನೇ ನಂಬಿ ಬಂದರೆ ಇಲ್ಲಿ ನಡೆಯದು. ಕೆನಡಾದ ವೀಸಾ ಬೇರೆಯಾಗಿಯೇ ಬೇಕು, ಅಮೆರಿಕದ್ದು ಮರುಪ್ರವೇಶಕ್ಕೂ ಸಲ್ಲುವಂಥದ್ದಾಗಿರಬೇಕು. ಒಬ್ಬರ ಕಾಗದ ಸರಿಯಿಲ್ಲದಿದ್ದರೆ ಇಡೀ ವ್ಯಾನು ನಿಲ್ಲುತ್ತದೆ. ಅಧಿಕಾರಿ ನಮ್ಮಿಬ್ಬರ ಪುಸ್ತಕಗಳನ್ನು ಮಾತ್ರ ಎರಡೆರಡು ಸಲ ತಿರುವಿಹಾಕಿದ ಆ ಮೂರು ನಿಮಿಷ ಹಿಂದಿನ ಎಂಟು ಜೊತೆ ಕಣ್ಣುಗಳು ನನ್ನ ಬೆನ್ನನ್ನು ಸುಡುತ್ತಿದ್ದವು.

ಸ್ಕಾಗ್ವೇಯಿಂದ ಅರವತ್ತಾರು ಮೈಲಿಯ ಕಾರ್‌ಕ್ರಾಸ್‌ನಲ್ಲಿ ಇಳಿದೆವು. ಚಿನ್ನ ಕಂಡವರಲ್ಲಿ ಒಬ್ಬನಾದ ಸ್ಕೂಕಮ್ ಜಿಮ್ ಈ ಕಡೆಯ ಟಾಗಿಷ್ ಬುಡಕಟ್ಟಿನವನು; ಅವನ ಸಮಾಧಿ ಇಲ್ಲಿದೆ. ಪಕ್ಕದಲ್ಲೇ ಒಂದು ಚದರ ಮೈಲಿಯಷ್ಟು ಮರಳುಗಾಡು! ಹಿಂದೊಮ್ಮೆ ಹಿಮಯುಗದ ಸರೋವರದ ತಳವಾಗಿದ್ದ ಮರಳು. ಇನ್ನೂ ಏಳು ಮೈಲಿ ಹೋದರೆ ಪಚ್ಚೆ ಸರೋವರ. ನೀರಿನ ತಳದ ಬಿಳಿಯ ಸುಣ್ಣದ ಕೆಸರಿಗೆ ಬಿಸಿಲು ತಾಗಿ ಆ ಬಣ್ಣ ಬರುತ್ತದೆಂದು ತರುಣಿ ವಿವರಿಸಿದಳು. ಮೈಸೂರು ರೇಷ್ಮೆಸೀರೆಯಲ್ಲಿ ಮಾತ್ರ ಕಾಣುವ ಬಣ್ಣವೆಂದು ನನ್ನಾಕೆಯ ತೀರ್ಮಾನ. ಅಲ್ಲಿ ಕುಳಿತು, ಹಡಗಿನಿಂದ ಕಟ್ಟಿಕೊಂಡು ಬಂದ ಬ್ರೆಡ್ಡನ್ನು ಮಗಳು ಕಳಿಸಿದ್ದ ಚಟ್ನಿಪುಡಿಯೊಡನೆ ತಿಂದೆವು. ಅದರ ವರ್ಣನೆ ಇನ್ನು ಬೇಡ.

ಹಾಗೆ ಕುಳಿತಿದ್ದಾಗಲೇ ಆಕೆ ಗಾಬರಿಯಿಂದ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಗಂಟೆ ಒಂದು ಕಾಲು! ನನ್ನ ಎಚ್.ಎಂ.ಟಿ. ಗಡಿಯಾರದಲ್ಲಿ ಹನ್ನೆರಡೂಕಾಲು. ನಿವೃತ್ತನಾದ ದಿನ ಕಚೇರಿಯವರು ತೊಡಿಸಿದ ಗಡಿಯಾರ. ಕೀಲಿ ಕೊಟ್ಟರೆ ಅದು ಸುಳ್ಳು ಹೇಳಿದ್ದಿಲ್ಲ. ವಿಷಯವೇನೆಂದರೆ ಯೂಕಾನ್ ಪ್ರಾಂತದವರು 2020ರಿಂದ ಋತುವಿಗೊಮ್ಮೆ ಗಡಿಯಾರ ತಿರುಗಿಸುವುದನ್ನು ನಿಲ್ಲಿಸಿದ್ದಾರೆ. ಬೇಸಗೆಯಲ್ಲಿ ಅಲ್ಲಿಯ ಕಾಲ ಅಲಾಸ್ಕಾಕ್ಕಿಂತ ಒಂದು ಗಂಟೆ ಮುಂದು. ಮೊಬೈಲು ತಾನಾಗಿಯೇ ದೇಶ ಬದಲಾಯಿಸಿಕೊಂಡಿತ್ತು. ಎಚ್.ಎಂ.ಟಿ. ಹಡಗಿಗೇ ನಿಷ್ಠವಾಗಿತ್ತು.

ನಿಜವಾದ ಗಾಬರಿ ಕಾದಿದ್ದುದು ಹಿಂದಿರುಗುವಾಗ. ರಸ್ತೆ ದುರಸ್ತಿಯೆಂದು ಕೆಂಪು ಬಾವುಟ ಹಿಡಿದು ನಿಲ್ಲಿಸಿದರು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಬೆಳಿಗ್ಗೆಯಿಂದ ಹರಟುತ್ತಿದ್ದ ಹತ್ತು ಜನರೂ ಮೌನವಾದೆವು. ದಾರಿ ಬಿಟ್ಟದ್ದು ಒಂದು ಗಂಟೆ ಹತ್ತು ನಿಮಿಷದ ಮೇಲೆ. ಘಟ್ಟದ ನೆತ್ತಿ ಮುಟ್ಟಿದಾಗ ಮೂರೂ ಇಪ್ಪತ್ತು. ಇನ್ನು ಹದಿನಾಲ್ಕು ಮೈಲಿ ಇಳಿತ, ನಡುವೆ ಅಮೆರಿಕದ ಸುಂಕದ ಕಟ್ಟೆ. ಅಲ್ಲಿ ಬಸ್ಸುಗಳ ಸಾಲು ನಿಂತಿದೆಯೆಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದಿತು.

ತರುಣಿ ವ್ಯಾನನ್ನು ಬದಿಗೆ ನಿಲ್ಲಿಸಿ ಹಿಂದಿರುಗಿ ನೋಡಿದಳು. “ಕುದುರೆದಾರಿಯ ತಾಣ ಕೆಳಗಿದೆ. ಈಗ ಮೋಡವಿಲ್ಲ. ಐದು ನಿಮಿಷ ಬೇಕು. ಇದನ್ನು ನಾನೊಬ್ಬಳೇ ನಿಶ್ಚಯಿಸಲಾರೆ” ಎಂದಳು.

“ನನಗೋಸ್ಕರ ಬೇಡ, ನಡೆ” ಎಂದರು ರೈತರು.

ಯಾರೋ ಏಕೆ ನೋಡಬೇಕೆಂದಿದ್ದಿರಿ ಎಂದು ಕೇಳಿದರು. ಅವರ ಮುತ್ತಜ್ಜ 1897ರಲ್ಲಿ ಹೊಲ ಮಾರಿ, ಮನೆಯಲ್ಲೇ ಹುಟ್ಟಿ ಬೆಳೆದ ನಾಲ್ಕು ಕುದುರೆಗಳೊಡನೆ ಬಂದಿದ್ದನಂತೆ. ಹಿಂದಿರುಗಿದವನು ಒಬ್ಬನೇ. ಚಿನ್ನದ ಮಾತನ್ನು ಎಷ್ಟು ಬೇಕಾದರೂ ಆಡುತ್ತಿದ್ದನಂತೆ, ಕುದುರೆಗಳ ಹೆಸರೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದನಂತೆ. “ಇನ್ನೊಮ್ಮೆ ಬರುವ ವಯಸ್ಸಲ್ಲ ನನ್ನದು” ಎಂದು ನಕ್ಕರು.

ನನಗೆ ನಾಚಿಕೆಯಿಲ್ಲದೆ ಹೇಳುತ್ತೇನೆ: ನನ್ನ ಮನಸ್ಸು ‘ನಡೆ’ ಎಂದೇ ಹೇಳುತ್ತಿತ್ತು. ಮಗನ ಮಾತು ಕಿವಿಯಲ್ಲಿತ್ತು. ಆದರೆ ಮಂಡಿನೋವಿನ ನನ್ನಾಕೆ ಎಲ್ಲರಿಗಿಂತ ಮೊದಲು ಕೈಯೆತ್ತಿಬಿಟ್ಟಳು. ಆಮೇಲೆ ಒಂದೊಂದಾಗಿ ಕೈಗಳೆದ್ದವು. ಕೊನೆಯದು ನನ್ನದು.

ಐದು ನಿಮಿಷವೂ ಆಗಲಿಲ್ಲ. ರೈತರು ಬೇಲಿಯ ಬಳಿ ಟೋಪಿ ತೆಗೆದು ನಿಂತರು. ಆಳದಲ್ಲಿ ಬಿಳಿಯ ನೊರೆಯ ಹೊಳೆ. ಅದರ ಬದಿಯಲ್ಲಿ ಕಲ್ಲುಗಳ ನಡುವೆ ಒಬ್ಬರ ಹಿಂದೊಬ್ಬರು ಮಾತ್ರ ನಡೆಯಬಹುದಾದಂತಹ ಮಸುಕು ಗೆರೆ, ಅಲ್ಲಲ್ಲಿ ಕಂಡು ಅಲ್ಲಲ್ಲಿ ಮರೆಯಾಗುತ್ತಿತ್ತು. ಅವರು ಚಿತ್ರ ತೆಗೆಯಲಿಲ್ಲ. ನಾವೂ ತೆಗೆಯಲಿಲ್ಲ.

ಸುಂಕದ ಕಟ್ಟೆಯಲ್ಲಿ ಇಪ್ಪತ್ತು ನಿಮಿಷ ಹೋಯಿತು. ಹಡಗುಕಟ್ಟೆ ಮುಟ್ಟಿದಾಗ ಎಚ್.ಎಂ.ಟಿ.ಯಲ್ಲಿ ನಾಲ್ಕೂ ಹದಿನೆಂಟು. ತರುಣಿ ಒಬ್ಬೊಬ್ಬರನ್ನೂ ಕೈಹಿಡಿದು ಇಳಿಸಿ, ನನ್ನಾಕೆಯನ್ನು ಏಣಿಯ ತನಕ ನಡೆಸಿಕೊಂಡು ಬಂದಳು.

ಐದು ಗಂಟೆಗೆ ಮೇಲಟ್ಟದ ಕಟಕಟೆಗೆ ಒರಗಿ ನಿಂತಿದ್ದೆವು. ಹಡಗು ಕೂಗಿತು. ಏಣಿಯನ್ನು ಎತ್ತಿ ಆಗಿತ್ತು. ಅಷ್ಟರಲ್ಲಿ ಕಟ್ಟೆಯ ಆ ತುದಿಯಿಂದ ಗಂಡ-ಹೆಂಡಿರಿಬ್ಬರು ಕೈಯಲ್ಲಿ ಅಂಗಡಿಯ ಚೀಲಗಳನ್ನು ಹಿಡಿದು ಓಡೋಡಿ ಬರುವುದು ಕಂಡಿತು.

“ನಿಲ್ಲಿಸ್ರಪ್ಪಾ, ಜನ ಬರ್ತಿದಾರೆ!” ಎಂದು ನನ್ನಾಕೆ ಅಚ್ಚಗನ್ನಡದಲ್ಲಿ ಕೂಗಿಕೊಂಡಳು. ಹಡಗಿಗೂ ಕಟ್ಟೆಗೂ ನಡುವೆ ಆಗಲೇ ನಾಲ್ಕು ಮಾರು ನೀರು.