ಕಾಯುವವರಿಗೆ ಕೊಬ್ಬರಿ, ಕಾಯಲಾಗದವರಿಗೆ ಎಳನೀರು: ಅರಸೀಕೆರೆಯ ಹಬ್ಬದೂಟದ ಹಿಂದಿನ ಲೆಕ್ಕ

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸೊಸೆ ತವರು ಮನೆಯಲ್ಲಿ. ಹಳೇ ಮೈಸೂರು ಸೀಮೆಯ ಬಹುತೇಕ ಊರುಗಳಿಗೆ ಇದು ಸಪ್ಪೆ ತಿಂಗಳು. ಅರಸೀಕೆರೆಗೆ ಮಾತ್ರ ಹಾಗಲ್ಲ. ಪಟ್ಟಣದ ಮಗ್ಗುಲಲ್ಲೇ ಇರುವ ಮಾಲೇಕಲ್ಲು ತಿರುಪತಿಯಲ್ಲಿ ವೆಂಕಟರಮಣನ ತೇರು ಎಳೆಯೋದು ಇದೇ ಆಷಾಢದಲ್ಲಿ. ಹೊಸ ಜೋಡಿಗಳು ದಂಡಿಯಾಗಿ ಬರುತ್ತಾರೆ, ತೇರಿಗೆ ಬಾಳೆಹಣ್ಣು ದವನ ಎಸೆಯುತ್ತಾರೆ, ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಬೆಟ್ಟದ ಮೇಲಿನ ದೇವರನ್ನು ನೋಡಿ ಇಳಿಯುತ್ತಾರೆ. ಇಳಿದ ಮೇಲೆ ಒಂದು ಎಳನೀರು, ಒಂದಿಷ್ಟು ಕಡ್ಲೆಪುರಿ, ಬೆಂಡು ಬತ್ತಾಸು. ಮನೆಗೆ ಹೋದರೆ ಒಬ್ಬಟ್ಟು, ಅದರ ಮೇಲೆ ಧಾರಾಳವಾಗಿ ಕಾಯಿಹಾಲು.

ಈ ಸೀಮೆಯ ವರ್ಷವನ್ನು ಊಟದ ಮೂಲಕ ಓದಿ ನೋಡಿ. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ಸಣ್ಣಗೆ ಹೆಚ್ಚಿದ ಕೊಬ್ಬರಿ. ಅದೇ ಚಳಿಯಲ್ಲಿ ಹಿತಕಿದ ಅವರೆಬೇಳೆ ಸಾರಿಗೆ ಅರೆದು ಹಾಕುವ ಕಾಯಿ. ಯುಗಾದಿಗೆ ಒಬ್ಬಟ್ಟು, ಗಣಪತಿ ಹಬ್ಬಕ್ಕೆ ಕಾಯಿಕಡುಬು, ನೆಂಟರು ಬಂದ ದಿನ ಒತ್ತು ಶ್ಯಾವಿಗೆ ಕಾಯಿಹಾಲು. ಬೇಲೂರು, ಹಳೇಬೀಡು ನೋಡಲು ಬಂದವರು ಬಿಸಿಲಿಗೆ ಸೋತು ಕೈಗೆತ್ತಿಕೊಳ್ಳೋದೂ ಎಳನೀರನ್ನೇ. ಹಬ್ಬ ಬೇರೆ ಬೇರೆ, ಮರ ಒಂದೇ.

ಹಾಗಾಗಿ ಇಲ್ಲಿ ತಟ್ಟೆಯ ಬಗ್ಗೆ ಮಾತಾಡೋದು ಅಂದ್ರೆ ತೆಂಗಿನ ಬಗ್ಗೆ ಮಾತಾಡೋದು. ತೆಂಗಿನ ಬಗ್ಗೆ ಮಾತಾಡೋದು ಅಂದ್ರೆ ಕಾಲದ ಬಗ್ಗೆ ಮಾತಾಡೋದು. ಯಾರಿಗೆ ಕಾಯುವ ಶಕ್ತಿ ಇದೆ, ಯಾರಿಗೆ ಇಲ್ಲ ಅನ್ನೋದೇ ಈ ಬೆಳೆಯ ರಾಜಕೀಯ.

ಒಂದು ಮರ, ನಾಲ್ಕು ತಾರೀಖು

ಭತ್ತ, ರಾಗಿಗೆ ಒಂದೇ ಕೊಯ್ಲು. ತೆಂಗು ಹಾಗಲ್ಲ. ಚೆನ್ನಾಗಿರುವ ಮರ ತಿಂಗಳಿಗೆ ಹೆಚ್ಚುಕಡಿಮೆ ಒಂದು ಹೊಂಬಾಳೆ ಬಿಡುತ್ತೆ. ಆ ಹೊಂಬಾಳೆಯನ್ನು ಏನು ಮಾಡಬೇಕು ಅಂತ ನಿರ್ಧರಿಸೋಕೆ ರೈತರಿಗೆ ನಾಲ್ಕು ಅವಕಾಶ ಸಿಗುತ್ತೆ.

ಮೊದಲನೆಯದು, ಹೊಂಬಾಳೆ ಇನ್ನೂ ಅರಳುವ ಮುಂಚೆಯೇ ಅದರ ತುದಿ ಕೊಯ್ದು ರಸ ಇಳಿಸೋದು. ಹುಳಿಯಾಗದಿದ್ದರೆ ಅದು ನೀರಾ, ಹುಳಿಯಾದರೆ ಹೆಂಡ. ಎರಡನೆಯದು, ಕಾಯಿ ಕಚ್ಚಿ ಆರೇಳು ತಿಂಗಳಿಗೆ ಎಳನೀರು. ಮೂರನೆಯದು, ಹನ್ನೊಂದು ಹನ್ನೆರಡು ತಿಂಗಳಿಗೆ ಬಲಿತ ಕಾಯಿ. ನಾಲ್ಕನೆಯದು ಅರಸೀಕೆರೆ, ತಿಪಟೂರು ಭಾಗದ ವಿಶೇಷ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡೋದು. ಒಳಗಿನ ನೀರು ತಾನಾಗೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತೆ. ಒಡೆದರೆ ಇಡಿಯಾದ ಉಂಡೆ ಕೊಬ್ಬರಿ.

ಅಂದ್ರೆ ಕಾಯಿ ಕಚ್ಚಿದ ದಿನದಿಂದ ಉಂಡೆ ಕೊಬ್ಬರಿ ಮಾರುಕಟ್ಟೆಗೆ ಹೋಗುವವರೆಗೆ ಸುಮಾರು ಒಂದೂಮುಕ್ಕಾಲು ವರ್ಷ. ಇಷ್ಟು ದಿನ ಮಗುವಿನ ಫೀಸು, ಆಸ್ಪತ್ರೆ ಖರ್ಚು, ಬೋರ್‌ವೆಲ್ ಸಾಲದ ಕಂತು ಯಾವುದೂ ಕಾಯಲ್ಲ. ಕಾಯಿ ಮಾತ್ರ ಕಾಯಬೇಕು.

ಮೊದಲ ತಾರೀಖಿಗೆ ಸರ್ಕಾರದ ಬೀಗ

ಮೊದಲ ಅವಕಾಶದ ಕತೆ ಬಹಳ ಜನ ಯುವಕರಿಗೆ ಗೊತ್ತಿಲ್ಲ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ಪೀಡೆ ಬಂತು. ಕಣ್ಣಿಗೂ ಕಾಣದಷ್ಟು ಸಣ್ಣ ನುಸಿ ಎಳೆ ಕಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ರಸ ಹೀರಿದರೆ ಕಾಯಿ ಬಿರುಕು ಬಿಟ್ಟು ಸುರುಟಿಕೊಳ್ಳುತ್ತೆ. ಕಾಯಿಯೇ ಆಗದಿದ್ದರೆ ಎಳನೀರೂ ಇಲ್ಲ, ಕೊಬ್ಬರಿಯೂ ಇಲ್ಲ. ಆಗ ರೈತರು ಕೇಳಿದ್ದು ಸರಳವಾದ ಪ್ರಶ್ನೆ: ಕಾಯಿ ಕಚ್ಚೋಕೆ ಮುಂಚೆಯೇ ನೀರಾ ಇಳಿಸಿ ಮಾರಲು ಬಿಡಿ, ಅದಕ್ಕೇನು ಅಡ್ಡಿ?

ಅಡ್ಡಿ ಇದ್ದದ್ದು ಅಬಕಾರಿ ಕಾನೂನು. ನೀರಾ ಹುಳಿಯಾದರೆ ಹೆಂಡವಾಗುತ್ತೆ, ಆದ್ದರಿಂದ ಅದೂ ಅಬಕಾರಿಯ ಹಿಡಿತದಲ್ಲಿ. ಸ್ವಂತ ತೋಟದ ಸ್ವಂತ ಮರದಿಂದ ರಸ ಇಳಿಸಿದರೆ ಕೇಸು. ರೈತಸಂಘ ನೀರಾ ಚಳವಳಿಗಿಳಿಯಿತು. 2001ರ ಅಕ್ಟೋಬರ್‌ನಲ್ಲಿ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರು ಗೋಲಿಬಾರ್ ಮಾಡಿದರು. ಇಬ್ಬರು ರೈತರು ಸತ್ತರು. ಒಂದು ಪಾನೀಯಕ್ಕಾಗಿ ಜೀವ ಹೋದ ಊರು ಅದು.

ನಂತರದ ವರ್ಷಗಳಲ್ಲಿ ಕಾನೂನಿಗೆ ತಿದ್ದುಪಡಿ ಬಂದು, ಪರವಾನಗಿ ಪಡೆದು ನೀರಾ ಇಳಿಸಲು ದಾರಿಯಾಯಿತು. ಆದರೆ ಮರದಿಂದ ಇಳಿಸಿದ ಕ್ಷಣದಿಂದ ತಂಪಿನಲ್ಲೇ ಇಡಬೇಕು, ಇಳಿಸೋಕೆ ತರಬೇತಾದ ಕೈ ಬೇಕು, ಶೀತಲೀಕರಣ ಬೇಕು. ಎರಡು ಎಕರೆಯವರು ಒಬ್ಬರೇ ಮಾಡುವ ಕೆಲಸ ಅಲ್ಲ. ಬೀಗ ತೆಗೆದರೂ ಬಾಗಿಲು ಅರ್ಧವೇ ತೆರೆದಿದೆ.

ಎಳನೀರೋ, ಕೊಬ್ಬರಿಯೋ?

ಬಹುತೇಕ ರೈತರಿಗೆ ನಿಜವಾದ ಆಯ್ಕೆ ಇರೋದು ಎರಡನೇ ಮತ್ತು ನಾಲ್ಕನೇ ತಾರೀಖಿನ ನಡುವೆ. ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಕೆಜಿ ಕೊಬ್ಬರಿಗೆ ಎಂಟು ಕಾಯಿ ಬೇಕು ಅಂತಿಟ್ಟುಕೊಳ್ಳಿ. 2023ರಲ್ಲಿ ಉಂಡೆ ಕೊಬ್ಬರಿಯ ಬೆಲೆ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. ಅಂದ್ರೆ ಕೆಜಿಗೆ 80 ರೂಪಾಯಿ, ಕಾಯಿಗೆ 10 ರೂಪಾಯಿ. ಅದರಲ್ಲೇ ಕಾಯಿ ಕೆಡವಿದ ಕೂಲಿ, ಸಾಗಿಸಿದ ಕೂಲಿ, ಸುಲಿದ ಕೂಲಿ ಕಳೆಯಬೇಕು. ಅದೇ ಹೊತ್ತಿಗೆ ಎಳನೀರು ವ್ಯಾಪಾರಿ ತೋಟಕ್ಕೇ ಬಂದು, ತನ್ನ ಆಳನ್ನೇ ಮರ ಹತ್ತಿಸಿ, 12 ರೂಪಾಯಿ ಕೈಗಿಡುತ್ತಾನೆ ಅಂದುಕೊಳ್ಳಿ. ಒಂದು ವರ್ಷ ಮೊದಲೇ, ನಗದು. ನೀವಾದರೂ ಏನು ಮಾಡುತ್ತೀರಿ?

ಕಾಗದದ ಮೇಲೆ ಇದಕ್ಕೆ ಪರಿಹಾರ ಇತ್ತು. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಆದರೆ ಘೋಷಣೆ ಬೇರೆ, ಖರೀದಿ ಬೇರೆ. ಖರೀದಿ ಕೇಂದ್ರ ತೆರೆಯಬೇಕು, ನೋಂದಣಿ ಆಗಬೇಕು, ಎಕರೆಗೆ ಇಷ್ಟು, ರೈತನಿಗೆ ಇಷ್ಟು ಅನ್ನೋ ಮಿತಿಯೊಳಗೆ ಬರಬೇಕು. 2024ರ ಆರಂಭದಲ್ಲಿ ನೋಂದಣಿಯಲ್ಲಿ ಅಕ್ರಮ ನಡೆದಿದೆ ಎಂಬ ದೂರು ಎದ್ದು, ಮೊದಲ ಸುತ್ತು ರದ್ದಾಗಿ, ರೈತರು ಮತ್ತೆ ಸಾಲಿನಲ್ಲಿ ನಿಂತರು. ಪಹಣಿ ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ ಈ ಸಾಲು. ಗುತ್ತಿಗೆಗೆ ತೋಟ ಹಿಡಿದವರಿಗೆ ಅದೂ ಇಲ್ಲ.

ಇಲ್ಲಿ ಊರು ಎರಡಾಗುತ್ತೆ. ಬೇರೆ ಆದಾಯ ಇರುವವರು, ಸಂಬಳದ ಮಗ ಇರುವವರು, ದೊಡ್ಡ ಅಟ್ಟ ಇರುವವರು ಕಾಯಿ ಕೂಡಿಟ್ಟು ಕಾದರು. ಇಲ್ಲದವರು ಎಳನೀರು ಕೀಳಿಸಿದರು, ಅಥವಾ ಸಿಕ್ಕ ಬೆಲೆಗೆ ಕೊಬ್ಬರಿ ಕೊಟ್ಟರು. ಸೋಮಾರಿತನ, ಜಾಣತನದ ಪ್ರಶ್ನೆ ಇಲ್ಲಿ ಬರೋದೇ ಇಲ್ಲ.

ತಡವಾಗಿ ಬೀಳುವ ಏಟು

ಎಂಜಿನಿಯರಿಂಗ್ ಓದಿದವರಿಗೆ ಕಂಟ್ರೋಲ್ ಸಿಸ್ಟಮ್ಸ್‌ನ ಒಂದು ಪಾಠ ನೆನಪಿರುತ್ತೆ. ಗೀಸರ್ ತಿರುಗಿಸಿದ ಮೇಲೆ ಬಿಸಿನೀರು ಬರೋದು ತಡವಾದರೆ ನಾವು ಇನ್ನಷ್ಟು ತಿರುಗಿಸುತ್ತೇವೆ, ಆಮೇಲೆ ಮೈ ಸುಡುತ್ತೆ. ಪರಿಣಾಮ ತಡವಾಗಿ ಕಾಣುವ ಯಾವ ವ್ಯವಸ್ಥೆಯೂ ಹೀಗೆ ಅತ್ತಿಂದಿತ್ತ ಓಲಾಡುತ್ತೆ. ಕೊಬ್ಬರಿ ಮಾರುಕಟ್ಟೆ ಅಂಥದ್ದೇ ಒಂದು ಗೀಸರ್, ಬಿಸಿಯಾಗೋಕೆ ಒಂದೂಮುಕ್ಕಾಲು ವರ್ಷ.

2023ರಲ್ಲಿ ಬೆಲೆ ಬಿತ್ತು. ಅದೇ ವರ್ಷ ಮಳೆಯೂ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ತೆಂಗಿಗೆ ಬರದ ಏಟು ಆ ವರ್ಷಕ್ಕೆ ಮುಗಿಯಲ್ಲ. ಎಳೆ ಹೊಂಬಾಳೆಗಳು ಮರದ ಒಳಗೇ ಸೊರಗಿ, ಮುಂದಿನ ಎರಡು ಮೂರು ವರ್ಷ ಇಳುವರಿ ಕಡಿಮೆಯಾಗುತ್ತೆ. ಜೊತೆಗೆ ಬಿಳಿನೊಣದ ಕಾಟ. 2024ರ ಬೇಸಿಗೆ ಉರಿಬಿಸಿಲು. ನಗರಗಳಲ್ಲಿ ಎಳನೀರಿಗೆ ಬೇಡಿಕೆ ಏರಿತು, ಕಾಯಿ ಬಲಿಯುವ ಮೊದಲೇ ಮರ ಇಳಿಯಿತು.

2025ಕ್ಕೆ ಅಟ್ಟಗಳು ಖಾಲಿ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿತು. ಅದೇ ಎಂಟು ಕಾಯಿಯ ಲೆಕ್ಕದಲ್ಲಿ ಕಾಯಿಗೆ 31 ರೂಪಾಯಿ. ಎರಡು ವರ್ಷದ ಹಿಂದಿನ ಮೂರು ಪಟ್ಟು! ಟಿವಿಯಲ್ಲಿ "ರೈತರಿಗೆ ಬಂಪರ್" ಅಂದರು. ಆದರೆ ಬಂಪರ್ ಹೊಡೆದದ್ದು ಕಾಯಿ ಉಳಿಸಿಕೊಂಡಿದ್ದವರಿಗೆ. 2023ರಲ್ಲಿ ಕಾಯಲಾಗದೆ ಮಾರಿದವರ ಪಾಲಿಗೆ ಅದು ಪೇಪರಿನಲ್ಲಿ ಓದುವ ಸುದ್ದಿ ಅಷ್ಟೇ.

ಇನ್ನೊಂದು ಕಡೆಯೂ ಇದೆ. ತೆಂಗಿನ ಸೀಮೆಯಲ್ಲಿ ಎಲ್ಲರಿಗೂ ಮರ ಇಲ್ಲ. ಕಾಯಿ ಸುಲಿಯುವವರು, ಮರ ಹತ್ತುವವರು, ಕೂಲಿಗೆ ಹೋಗುವ ಹೆಂಗಸರು ಸಾರಿಗೆ ಕಾಯಿ ಕೊಂಡೇ ತರಬೇಕು. ದಿನಕ್ಕೆ ನೂರಾರು ಕಾಯಿ ಮುಟ್ಟುವ ಕೈ, ಮನೆಯ ಒರಳಿಗೆ ಅರ್ಧ ಹೋಳು ಹಾಕುವಾಗ ಯೋಚಿಸುತ್ತೆ. ಬೆಂಗಳೂರಿನ ಹೋಟೆಲ್ ಚಟ್ನಿ ತೆಳ್ಳಗಾದದ್ದು ರೀಲ್ಸ್ ಆಯ್ತು. ಇವರ ಹಬ್ಬದ ಕಾಯಿಹಾಲು ತೆಳ್ಳಗಾದದ್ದು ಯಾರ ಫೋನಿಗೂ ಬರಲಿಲ್ಲ.

ನಮ್ಮ ಮರ, ಅವರ ಹಬ್ಬ

ಈ ಕೊಬ್ಬರಿ ತಿನ್ನೋರು ಯಾರು? ಹೆಚ್ಚಿನ ಪಾಲು ನಾವಲ್ಲ. ಎಣ್ಣೆ ತೆಗೆಯುವ ಕೊಬ್ಬರಿ ಬೇರೆ; ನಮ್ಮ ಉಂಡೆ ಕೊಬ್ಬರಿ ತಿನ್ನೋಕೆ, ಪೂಜೆಗೆ, ಸಿಹಿಗೆ ಬಳಕೆಯಾಗೋದು. ಲಾರಿಗಳು ಉತ್ತರ ಭಾರತದ ಕಡೆ ಹೋಗುತ್ತವೆ. ರಕ್ಷಾಬಂಧನ, ದೀಪಾವಳಿ, ಅಲ್ಲಿನ ಮದುವೆ ಕಾಲಕ್ಕೆ ಬೇಡಿಕೆ ಏರುತ್ತೆ. ಮಾಲೇಕಲ್ಲಿನ ತೇರು ಮುಗಿದು ಶ್ರಾವಣ ಬರುವ ಹೊತ್ತಿಗೆ, ಅರಸೀಕೆರೆಯ ರೈತರ ವರ್ಷ ನಿರ್ಧಾರವಾಗೋದು ಅವರು ನೋಡೇ ಇರದ ಊರುಗಳ ಹಬ್ಬದ ಮೇಲೆ.

ಇದರಲ್ಲಿ ತಪ್ಪೇನಿಲ್ಲ. ಒಂದೂರಿನ ಬೆಳೆ ಇನ್ನೊಂದೂರಿನ ಹಬ್ಬವಾಗೋದು ಚೆಂದವೇ. ತೊಂದರೆ ಇರೋದು ಮಾಹಿತಿಯಲ್ಲಿ. ಅಲ್ಲಿನ ಬೇಡಿಕೆ ಎಷ್ಟು, ದಾಸ್ತಾನು ಎಷ್ಟು ಅನ್ನೋದು ವ್ಯಾಪಾರಿಗೆ ಗೊತ್ತು. ಅಟ್ಟದ ಮೇಲೆ ಎರಡು ಸಾವಿರ ಕಾಯಿ ಹಾಕಿರುವ ರೈತ ಮಹಿಳೆಗೆ ಗೊತ್ತಿಲ್ಲ.

ಕಾಯುವ ಶಕ್ತಿಯನ್ನು ಹಂಚೋದು ಹೇಗೆ?

ತೆಂಗಿನ ರಾಜಕೀಯ ಪ್ರತಿ ವರ್ಷ ಒಂದೇ ಸಂಖ್ಯೆಯ ಸುತ್ತ ಸುತ್ತುತ್ತೆ: ಬೆಂಬಲ ಬೆಲೆ ಎಷ್ಟು? 2026ರ ಹಂಗಾಮಿಗೆ ಅದು 12,500 ರೂಪಾಯಿ. ನಮ್ಮ ಲೆಕ್ಕದಲ್ಲಿ ಕಾಯಿಗೆ ಹದಿನೈದೂವರೆ. ಈ ಸಂಖ್ಯೆ ಮುಖ್ಯ, ಆದರೆ ಅದು ಕೊನೆಯ ತಾರೀಖಿನ ಸಂಖ್ಯೆ. ಸಣ್ಣ ರೈತರು ಸೋಲೋದು ಅದಕ್ಕೂ ಒಂದು ವರ್ಷ ಮುಂಚೆ, ಎಳನೀರಿನ ಹಂತದಲ್ಲಿ.

ಕೃಷಿ ಮಾರುಕಟ್ಟೆಗಳಲ್ಲಿ ಅಡಮಾನ ಸಾಲ ಅನ್ನೋ ಏರ್ಪಾಡು ಇದೆ. ಸರಕನ್ನು ಗೋದಾಮಿನಲ್ಲಿಟ್ಟು, ರಸೀದಿ ತೋರಿಸಿ ಸಾಲ ಪಡೆದು, ಬೆಲೆ ಬಂದಾಗ ಮಾರಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ಅದು ತಯಾರಾದ ಸರಕಿಗೆ. ಸ್ವಂತ ಅಟ್ಟದ ಮೇಲೆ ನಿಧಾನಕ್ಕೆ ಒಣಗುತ್ತಿರುವ ಕಾಯಿಗೆ ಯಾವ ಗೋದಾಮಿನ ರಸೀದಿಯೂ ಇಲ್ಲ. ಕಾಯುವ ಕಷ್ಟ ಎಲ್ಲಿದೆಯೋ ಅಲ್ಲಿಗೆ ಸಾಲ ತಲುಪೋದೇ ಇಲ್ಲ. ಪ್ರಾಥಮಿಕ ಸಹಕಾರ ಸಂಘಗಳು ಅಟ್ಟದ ಕಾಯಿಯ ಮೇಲೆ ಸಣ್ಣ ಮುಂಗಡ ಕೊಡುವಂತಾದರೆ, ಎಳನೀರಿಗೆ ಕೀಳಿಸೋದು ರೈತರ ಇಷ್ಟವಾಗುತ್ತೆ, ಅನಿವಾರ್ಯ ಆಗಲ್ಲ.

ಎರಡನೆಯದು, ಖರೀದಿ ಕೇಂದ್ರ. ಬೆಲೆ ಕುಸಿದು, ಪ್ರತಿಭಟನೆ ನಡೆದು, ಪತ್ರ ದೆಹಲಿಗೆ ಹೋಗಿ ಬಂದ ಮೇಲೆ ತೆರೆಯುವ ಕೇಂದ್ರದಿಂದ ಕಾಯಲಾಗದವರಿಗೆ ಉಪಯೋಗವಿಲ್ಲ. ಬೆಂಬಲ ಬೆಲೆಗಿಂತ ಕೆಳಗೆ ಹೋದ ವಾರವೇ ಅದು ತೆರೆಯಬೇಕು. ಮೂರನೆಯದು, ನೀರಾಕ್ಕೆ ಶೀತಲ ವ್ಯವಸ್ಥೆ. ಹಾಲಿಗೆ ಹಳ್ಳಿ ಹಳ್ಳಿಯಲ್ಲಿ ಅದನ್ನು ಕಟ್ಟಿ ತೋರಿಸಿದ ರಾಜ್ಯ ಇದು. ಹಾಲು ಕೆಡುತ್ತೆ ಅಂತ ನಾವು ಹಸು ಸಾಕುವವರ ಮೇಲೆ ಕೇಸು ಹಾಕಲಿಲ್ಲ, ಡೇರಿ ಕಟ್ಟಿದೆವು.

ಮುಂದಿನ ಕುಸಿತ ಬರುತ್ತೆ. 2025ರ ಬೆಲೆ ನೋಡಿ ಹೆಚ್ಚು ಜನ ಕಾಯಿ ಅಟ್ಟಕ್ಕೆ ಹಾಕುತ್ತಾರೆ. ಅದೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಇಳಿದ ದಿನ ಗೀಸರ್ ಮತ್ತೆ ತಣ್ಣಗಾಗುತ್ತೆ. ಅದು ಯಾವ ತಿಂಗಳು ಅಂತ ಯಾರೂ ಹೇಳಲಾರರು. ಆದರೆ ಮೊದಲು ಯಾರ ತೋಟದ ಮುಂದೆ ಎಳನೀರಿನ ಟೆಂಪೋ ನಿಲ್ಲುತ್ತೆ ಅನ್ನೋದನ್ನು ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ.